ಏಳಲಾಗದ ಬೆಳಗು, ನಿದ್ದೆ ಬೇಡದ ರಾತ್ರಿ: ಖಿನ್ನತೆ ಮತ್ತು ಮೇನಿಯಾದ ಗುರುತುಗಳು

ಎರಡು ತಿಂಗಳು ಹಾಸಿಗೆ ಹಿಡಿದವನಂತೆ ಮಲಗಿದ್ದ ನನ್ನ ತಮ್ಮ ಒಂದು ಬೆಳಗ್ಗೆ ತಾನಾಗಿಯೇ ಎದ್ದ. ಗಡ್ಡ ತೆಗೆದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಅಮ್ಮನ ಹೆಗಲ ಮೇಲೆ ಕೈ ಹಾಕಿ ನಗಿಸಿದ. 'ಸದ್ಯ, ಹುಡುಗ ಹುಷಾರಾದ' ಎಂದು ನಾವೆಲ್ಲ ನಿರಾಳವಾದೆವು. ಮೂರನೇ ದಿನ ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದಾಗ ಅವನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕಪಾಟಿನ ಪುಸ್ತಕಗಳನ್ನೆಲ್ಲ ನೆಲದ ತುಂಬ ಹರವಿಕೊಂಡು, ಒಂದೊಂದಕ್ಕೂ ಬಣ್ಣದ ಚೀಟಿ ಅಂಟಿಸುತ್ತ ಕೂತಿದ್ದ. 'ಮಲಗಲ್ವೇನೋ?' ಅಂದೆ. 'ನಿದ್ದೆ ಬೇಕು ಅಂತಾನೇ ಅನ್ನಿಸ್ತಿಲ್ಲ ಅಕ್ಕಾ. ಇಷ್ಟು ವರ್ಷ ಸುಮ್ನೆ ಮಲಗಿ ಟೈಮ್ ಹಾಳು ಮಾಡ್ಕೊಂಡೆ' ಅಂದ. ಕಣ್ಣು ಹೊಳೆಯುತ್ತಿದ್ದವು. ನಾನು ಬಾಗಿಲು ಮುಂದೆ ಮಾಡಿ ಹೋಗಿ ಮಲಗಿದೆ.

ಆ ರಾತ್ರಿ ನಾನು ಕಂಡದ್ದು ಮೇನಿಯಾದ, ಅಂದರೆ ಮನಸ್ಸು ಮೈ ಎರಡೂ ಮಿತಿಮೀರಿ ಉಕ್ಕುವ ಉನ್ಮಾದದ, ಮೊದಲ ಗುರುತು. ಅದನ್ನು ಗುಣವಾದ ಗುರುತು ಅಂದುಕೊಂಡೆ. ಅವನಿಗೆ ಸರಿಯಾದ ಚಿಕಿತ್ಸೆ ಸಿಗುವುದು ಅದರಿಂದ ತಡವಾಯಿತು. ಬೇರೆ ಮನೆಗಳಲ್ಲಿ ಹೀಗಾಗಬಾರದು ಎಂದು, ಅವನ ಒಪ್ಪಿಗೆ ಪಡೆದೇ, ಇದನ್ನು ಬರೆಯುತ್ತಿದ್ದೇನೆ.

ಖಿನ್ನತೆಯ ಬಗ್ಗೆ ಈಗೀಗ ಎಲ್ಲರೂ ಮಾತಾಡುತ್ತಾರೆ. ಮೇನಿಯಾದ ಬಗ್ಗೆ ಮಾತು ಕಡಿಮೆ. ಆದರೆ ಕೆಲವರಲ್ಲಿ ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳು. ಒಂದನ್ನು ಮಾತ್ರ ನೋಡಿ ಇನ್ನೊಂದನ್ನು ಬಿಟ್ಟರೆ ರೋಗದ ಹೆಸರೇ ತಪ್ಪುತ್ತದೆ, ಹೆಸರು ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ.

ಬೇಸರವಲ್ಲ, ಖಿನ್ನತೆ

ಬೇಸರ ಎಲ್ಲರಿಗೂ ಬರುತ್ತದೆ. ಸ್ನೇಹಿತರು ಬಂದರೆ, ಒಳ್ಳೆಯ ಸುದ್ದಿ ಕೇಳಿದರೆ, ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ತಿಳಿಯಾಗುತ್ತದೆ. ಖಿನ್ನತೆ ಹಾಗೆ ಸುಲಭವಾಗಿ ಜಗ್ಗುವುದಿಲ್ಲ. ವೈದ್ಯರು ನೋಡುವ ಕನಿಷ್ಠ ಅವಧಿ ಎರಡು ವಾರ: ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಇದಕ್ಕೆ ಒಂಬತ್ತು ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಐದಾದರೂ ಇರಬೇಕು. ಆ ಐದರಲ್ಲಿ ಒಂದು, ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಯಾವುದಾದರೂ ಆಗಿರಬೇಕು.

ಈ ಎರಡನೆಯದನ್ನು ಗಮನಿಸಿ. ಅಳು ಬರದೆಯೂ, 'ನನಗೆ ದುಃಖ ಆಗ್ತಿದೆ' ಎಂದು ಒಮ್ಮೆಯೂ ಹೇಳದೆಯೂ ಒಬ್ಬರು ತೀವ್ರ ಖಿನ್ನತೆಯಲ್ಲಿರಬಹುದು. ತಮ್ಮನ ವಿಷಯದಲ್ಲಿ ಹಾಗೇ ಆಯಿತು. ಅವನು ಅಳಲಿಲ್ಲ. ಹಾಡು ಕೇಳುವುದನ್ನು ಬಿಟ್ಟ. ದಿನವಿಡೀ ಕಿವಿಗೆ ಸಿಕ್ಕಿಸಿಕೊಂಡೇ ಇರುತ್ತಿದ್ದ ಇಯರ್‌ಫೋನ್ ಮೇಜಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. 'ಹಾಡು ಹಾಕಲೇನೋ?' ಅಂದರೆ 'ಹಾಕು' ಅನ್ನುತ್ತಿದ್ದ, ಹಾಕಿದರೆ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ. 'ಬೇಜಾರು ಅಂತಲ್ಲ, ಏನೂ ಅನ್ನಿಸ್ತಾನೇ ಇಲ್ಲ' ಎಂದು ಒಮ್ಮೆ ಹೇಳಿದ. ಖಿನ್ನತೆಯಲ್ಲಿರುವವರು ತುಂಬ ಸಲ ಹೇಳುವ ಮಾತು ಇದು. ಕೇಳಿದವರು ಅದನ್ನು ಉದಾಸೀನ ಎಂದುಕೊಳ್ಳುತ್ತಾರೆ.

ಉಳಿದ ಗುರುತುಗಳಲ್ಲಿ ಹೆಚ್ಚಿನವು ಮೈಯಲ್ಲೇ ಕಾಣುವಂಥವು. ಹಸಿವು ಸತ್ತು ತೂಕ ಇಳಿಯುವುದು, ಕೆಲವರಲ್ಲಿ ತದ್ವಿರುದ್ಧವಾಗಿ ತಿನ್ನುವುದು ಹೆಚ್ಚುವುದು. ನಸುಕಿನ ಮೂರು ನಾಲ್ಕು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಇಲ್ಲವೇ ಹತ್ತು ಹನ್ನೆರಡು ಗಂಟೆ ಮಲಗಿದರೂ ಆಯಾಸ ಹೋಗದಿರುವುದು. ನಡಿಗೆ, ಮಾತು ನಿಧಾನವಾಗುವುದು: ಒಂದು ಪ್ರಶ್ನೆ ಕೇಳಿದರೆ ಉತ್ತರ ಬಹಳ ದೂರದಿಂದ ಬರುತ್ತಿದೆಯೇನೋ ಅನ್ನಿಸುವಷ್ಟು ತಡ. ಕೆಲವರು ಇದಕ್ಕೆ ವ್ಯತಿರಿಕ್ತವಾಗಿ ಕೈ ಹೊಸಕುತ್ತ, ಶತಪಥ ತುಳಿಯುತ್ತ ಚಡಪಡಿಸುತ್ತಾರೆ. ಓದಿದ ಸಾಲನ್ನೇ ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಯಾವ ಅಂಗಿ ಹಾಕಿಕೊಳ್ಳುವುದು ಎನ್ನುವಷ್ಟು ಚಿಕ್ಕ ನಿರ್ಧಾರವೂ ಬೆಟ್ಟವಾಗುತ್ತದೆ. ಬಹಳ ಜನ ವೈದ್ಯರ ಹತ್ತಿರ ಹೋಗುವುದು ತಲೆನೋವು, ಮೈಕೈ ನೋವು, ಹೊಟ್ಟೆ ಸರಿಯಿಲ್ಲ ಎಂದು. ಮನಸ್ಸಿನ ಮಾತು ಬರುವುದೇ ಇಲ್ಲ. ಕೆಲವರಿಗೆ ಬೆಳಗಿನ ಹೊತ್ತು ಅತಿ ಕಷ್ಟ, ಸಂಜೆಗೆ ಸ್ವಲ್ಪ ಹಗುರ. ಇದನ್ನು ನೋಡಿ ಮನೆಯವರು 'ಕೆಲಸದ ಹೊತ್ತಿಗೆ ಕಾಯಿಲೆ, ಸಂಜೆಗೆ ಸರಿ, ಬರೀ ಮೈಗಳ್ಳತನ' ಅನ್ನುತ್ತಾರೆ. ನಾವೂ ಅಂದಿದ್ದೆವು. ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ ಎಂಬ ಆ ಏರಿಳಿತ ರೋಗದ್ದೇ ಗುರುತು.

ಇನ್ನೊಂದು ಗುರುತು ಅಪರಾಧಿ ಭಾವ, ತಾನು ಯಾರಿಗೂ ಬೇಡವಾದವನು ಅನ್ನುವ ನಂಬಿಕೆ. ಹತ್ತಿರದವರು ತೀರಿಕೊಂಡಾಗಿನ ದುಃಖಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಸಾವಿನ ದುಃಖ ಅಲೆ ಅಲೆಯಾಗಿ ಬರುತ್ತದೆ, ನಡುನಡುವೆ ಹೋದವರ ನೆನಪಿನಲ್ಲಿ ನಗುವೂ ಬರಬಹುದು, ನೋವಿನ ನಡುವೆಯೂ ತನ್ನ ಮೇಲೆ ತನಗೆ ಗೌರವ ಉಳಿದಿರುತ್ತದೆ. ಖಿನ್ನತೆಯಲ್ಲಿ ನೋವು ಸದಾ ಒಂದೇ ಮಟ್ಟದಲ್ಲಿ ಕವಿದಿರುತ್ತದೆ, ಅದರ ಮೊನೆ ತನ್ನ ಕಡೆಗೇ ತಿರುಗಿರುತ್ತದೆ. ದುಃಖದ ಮೇಲೆ ಖಿನ್ನತೆಯೂ ಸೇರಿಕೊಳ್ಳಬಹುದು. ಹಾಗಾಗಿ 'ಸಾವಾಗಿದೆಯಲ್ಲ, ಇರೋದೇ' ಎಂದು ತಿಂಗಳುಗಟ್ಟಲೆ ತಳ್ಳಿಹಾಕುವುದೂ ತಪ್ಪು.

ವಯಸ್ಸಿನ ಪ್ರಕಾರ ರೂಪ ಬದಲಾಗುತ್ತದೆ. ಮಕ್ಕಳು, ಹದಿಹರೆಯದವರು ಸಪ್ಪಗಾಗುವ ಬದಲು ಸಿಡಿಮಿಡಿಗೊಳ್ಳಬಹುದು. ವಯಸ್ಸಾದವರಲ್ಲಿ ಮರೆವು ಎದ್ದು ಕಂಡು, ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ಶುರುವಾಯಿತೇನೋ ಎಂದು ಗಾಬರಿಯಾಗಬಹುದು. ಗಂಡಸರಲ್ಲಿ ಎಷ್ಟೋ ಸಲ ಸಿಟ್ಟು ಮತ್ತು ಕುಡಿತದ ಮರೆಯಲ್ಲಿ ಅಡಗಿರುತ್ತದೆ.

ನಿದ್ದೆ ಬಾರದಿರುವುದು ಬೇರೆ, ಬೇಡವಾಗುವುದು ಬೇರೆ

ಈಗ ಆ ರಾತ್ರಿ ಎರಡೂವರೆಗೆ ಬರುತ್ತೇನೆ. ಖಿನ್ನತೆಯಲ್ಲಿ ನಿದ್ದೆ ಕೆಟ್ಟವರು ಮಾರನೆಯ ದಿನ ಸುಸ್ತಾಗಿರುತ್ತಾರೆ. ನಿದ್ದೆಗಾಗಿ ಹಂಬಲಿಸುತ್ತಾರೆ, ಅದು ಬರುವುದಿಲ್ಲ. ಮೇನಿಯಾದಲ್ಲಿ ನಿದ್ದೆ ಬೇಡವೇ ಬೇಡ. ಮೂರು ಗಂಟೆ ಮಲಗಿ ಎದ್ದವರು ಎಂಟು ಗಂಟೆ ಮಲಗಿದವರಿಗಿಂತ ಚುರುಕಾಗಿರುತ್ತಾರೆ. ಮೇನಿಯಾದ ಎಲ್ಲ ಗುರುತುಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಮಾತು, ಖರ್ಚು, ಜಗಳ ಇವಕ್ಕೆಲ್ಲ ಏನಾದರೂ ಸಮಜಾಯಿಷಿ ಸಿಗುತ್ತದೆ. ದಿನದ ಮೇಲೆ ದಿನ ಮೂರು ಗಂಟೆ ಮಲಗಿ ದಣಿವೇ ಇಲ್ಲ ಎನ್ನುವುದಕ್ಕೆ ಸಮಜಾಯಿಷಿ ಕಡಿಮೆ. ಅದು ಎಷ್ಟೋ ಜನರಲ್ಲಿ ಉಳಿದೆಲ್ಲಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ರಾತ್ರಿ ನಿದ್ದೆಗೆಡುವುದೇ ಮೇನಿಯಾವನ್ನು ಎಬ್ಬಿಸುವುದೂ ಉಂಟು: ಸರದಿ ರಾತ್ರಿಪಾಳಿ, ದೂರದ ವಿಮಾನ ಪ್ರಯಾಣ, ಹಸುಗೂಸಿನ ಆರೈಕೆ, ಪರೀಕ್ಷೆಗೆಂದು ರಾತ್ರಿಯಿಡೀ ಓದು. ಈ ಕಾಯಿಲೆ ಇರುವವರಿಗೆ ಇವೆಲ್ಲ ಅಪಾಯದ ದಿನಗಳು.

ವೈದ್ಯರು ಮೇನಿಯಾ ಎನ್ನಬೇಕಾದರೆ ಮನಸ್ಸು ವಿಪರೀತ ಉಲ್ಲಾಸದಲ್ಲೋ ಸಿಡುಕಿನಲ್ಲೋ ಇರಬೇಕು, ಜತೆಗೆ ಮೈಯಲ್ಲಿ ಚೈತನ್ಯ ಹೆಚ್ಚಿರಬೇಕು, ಇದು ಕನಿಷ್ಠ ಒಂದು ವಾರ ಇರಬೇಕು. ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ತೀವ್ರವಾಗಿದ್ದರೆ ದಿನಗಳ ಲೆಕ್ಕ ಬೇಕಿಲ್ಲ. 'ಸಿಡುಕು' ಅನ್ನುವುದನ್ನು ಬಿಡಬೇಡಿ. ಮೇನಿಯಾ ಎಂದರೆ ಸದಾ ನಗುನಗುತ್ತ ಇರುವುದು ಎಂಬ ತಪ್ಪು ತಿಳಿವಳಿಕೆ ಇದೆ. ತಮ್ಮನಲ್ಲಿ ಮೊದಲ ನಾಲ್ಕು ದಿನ ನಗು, ಆಮೇಲೆಲ್ಲ ಕಿಡಿಕಿಡಿ. ಅವನ ಯೋಜನೆಗೆ ಯಾರಾದರೂ 'ಸ್ವಲ್ಪ ತಡಿ' ಅಂದರೆ ಸಾಕು, ಹೊಟ್ಟೆಕಿಚ್ಚಿನವರು, ತನ್ನನ್ನು ತುಳಿಯುವವರು ಎಂದು ಮೇಲೆ ಬೀಳುತ್ತಿದ್ದ.

ಮಾತಿನ ವೇಗ ಇನ್ನೊಂದು ಗುರುತು. ನಡುವೆ ಬಾಯಿ ಹಾಕಲು ಜಾಗವೇ ಇರುವುದಿಲ್ಲ. ಒಂದು ವಿಷಯ ಮುಗಿಯುವ ಮುಂಚೆ ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು. ಫೋನಿನಲ್ಲಿ ಅವನು ಕಳಿಸಿದ ಸಂದೇಶಗಳು ಈಗಲೂ ನನ್ನ ಹತ್ತಿರ ಇವೆ: ಒಂದು ರಾತ್ರಿ ಒಂದೂ ಹತ್ತರಿಂದ ನಾಲ್ಕೂ ಕಾಲರವರೆಗೆ ಅರವತ್ತೆಂಟು. ಮೊದಲಿನವು ಒಂದು ವ್ಯಾಪಾರದ ಯೋಚನೆ, ಓದಿದರೆ ಅರ್ಥವಾಗುವಂಥವು. ಕೊನೆಯ ಹೊತ್ತಿಗೆ ಪ್ರಾಸಕ್ಕೆ ಪ್ರಾಸ ಹೊಂದಿದರೆ ಸಾಕು ಅನ್ನುವ ಹಾಗೆ ಪದಗಳು ಓಡುತ್ತಿವೆ. ಬೆಳಗ್ಗೆ ಎದ್ದು ನೋಡಿ, 'ಹುಡುಗನಿಗೆ ಹುರುಪು ಬಂದಿದೆ' ಅಂದುಕೊಂಡೆ. ಸಮಯ ನೋಡಲಿಲ್ಲ.

ಇದರ ಜತೆಗೆ ತನ್ನ ಬಗ್ಗೆ ಮಿತಿಮೀರಿದ ನಂಬಿಕೆ ಬರುತ್ತದೆ: ನನಗೆ ವಿಶೇಷ ಶಕ್ತಿ ಇದೆ, ನನ್ನನ್ನು ಆರಿಸಿ ಕಳಿಸಿದ್ದಾರೆ, ನಾನು ಮುಟ್ಟಿದ್ದೆಲ್ಲ ಚಿನ್ನ. ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಹತ್ತು ಕೆಲಸ ಶುರುವಾಗುತ್ತವೆ, ಒಂದೂ ಮುಗಿಯುವುದಿಲ್ಲ. ಕೈ ಬಿಗಿ ಇದ್ದವರು ಸಾಲ ಮಾಡಿ ಖರ್ಚು ಮಾಡುತ್ತಾರೆ, ಅಪರಿಚಿತರಿಗೆ ಕೊಟ್ಟುಬಿಡುತ್ತಾರೆ, ಕೆಲಸಕ್ಕೆ ರಾಜೀನಾಮೆ ಬರೆಯುತ್ತಾರೆ, ವಾಹನ ಅಡ್ಡಾದಿಡ್ಡಿ ಓಡಿಸುತ್ತಾರೆ, ಸ್ವಭಾವಕ್ಕೆ ಒಗ್ಗದ ಲೈಂಗಿಕ ಸಾಹಸಕ್ಕೆ ಇಳಿಯುತ್ತಾರೆ. ತೀವ್ರವಾದಾಗ ಇಲ್ಲದ ದನಿಗಳು ಕೇಳಿಸುತ್ತವೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಭಯ ಹುಟ್ಟುತ್ತದೆ. ಮುಖ್ಯವಾದ ಮಾತು: ಒಳಗಿರುವವರಿಗೆ ಇದು ಕಾಯಿಲೆ ಅನ್ನಿಸುವುದಿಲ್ಲ. ಖಿನ್ನತೆ ಬಂದವರು ಯಾವತ್ತಾದರೂ ನೋವೆಂದು ಹೇಳಿಕೊಳ್ಳುತ್ತಾರೆ. ಮೇನಿಯಾದಲ್ಲಿರುವವರು 'ನನ್ನ ಜೀವನದಲ್ಲೇ ಇಷ್ಟು ಚೆನ್ನಾಗಿ ಇದ್ದಿರಲಿಲ್ಲ' ಎನ್ನುತ್ತಾರೆ, ಆ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ಇದನ್ನು ಗುರುತಿಸುವ ಹೊಣೆ ಸುತ್ತಲಿನವರ ಮೇಲೆ ಬೀಳುತ್ತದೆ.

ಇದರ ಮೆಲುರೂಪವೂ ಇದೆ, ಅದನ್ನು ಹೈಪೋಮೇನಿಯಾ ಅನ್ನುತ್ತಾರೆ. ಗುರುತುಗಳು ಅವೇ, ಅವಧಿ ನಾಲ್ಕು ದಿನ ಇದ್ದರೂ ಸಾಕು. ಆದರೆ ಬದುಕು ಹಳಿ ತಪ್ಪುವುದಿಲ್ಲ, ಭ್ರಮೆಗಳಿರುವುದಿಲ್ಲ, ಆಸ್ಪತ್ರೆ ಬೇಕಾಗುವುದಿಲ್ಲ. ಕೆಲಸ ಚೆನ್ನಾಗಿ ಸಾಗುತ್ತದೆ, ಮಾತು ಸೊಗಸಾಗುತ್ತದೆ, ಸುತ್ತಲಿನವರು ಮೆಚ್ಚುತ್ತಾರೆ. ಗುರುತಿಸುವುದು ಅತಿ ಕಷ್ಟವಾದದ್ದು ಇದೇ. ಒಂದೇ ಉಪಾಯ, ಆ ವ್ಯಕ್ತಿಯನ್ನು ಅವರ ಜತೆಗೇ ಹೋಲಿಸುವುದು. ಹುಟ್ಟಿನಿಂದ ಮಾತುಗಾರರಾದವರು ಹೆಚ್ಚು ಮಾತಾಡಿದರೆ ರೋಗವಲ್ಲ. ಮಿತಭಾಷಿಯೊಬ್ಬರು ಇದ್ದಕ್ಕಿದ್ದಂತೆ ನಾಲ್ಕು ದಿನ ಬಿಡುವಿಲ್ಲದೆ ಮಾತಾಡಿದರೆ, ನಿದ್ದೆಯೂ ಇಳಿದಿದ್ದರೆ, ಅದು ಯೋಚಿಸಬೇಕಾದ ಸಂಗತಿ.

ಹೆಸರು ತಪ್ಪಿದರೆ ಏನಾಗುತ್ತದೆ

ಎರಡು ಮುಖಗಳ ಆ ಕಾಯಿಲೆಯನ್ನು ಬೈಪೋಲಾರ್ ಅನ್ನುತ್ತಾರೆ, ಅದರಲ್ಲಿ ಎರಡು ಮುಖ್ಯ ಬಗೆ. ಮೇನಿಯಾ ಒಮ್ಮೆಯಾದರೂ ಬಂದಿದ್ದರೆ ಅದು 'ಬೈಪೋಲಾರ್ ಒಂದು'. ಖಿನ್ನತೆಯ ಜತೆಗೆ ಹೈಪೋಮೇನಿಯಾ ಮಾತ್ರ ಬಂದಿದ್ದರೆ 'ಬೈಪೋಲಾರ್ ಎರಡು'. ಎರಡನೆಯದು ಒಂದನೆಯದಕ್ಕಿಂತ ಹಗುರ ಎಂದು ಎಣಿಸಬಾರದು, ಅದರ ಖಿನ್ನತೆ ದೀರ್ಘವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಬೈಪೋಲಾರ್ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ರಕ್ತಸಂಬಂಧಿಗಳಲ್ಲಿ ಇದ್ದರೆ ಸಾಧ್ಯತೆ ಹೆಚ್ಚು.

ತೊಡಕು ಇರುವುದು ಇಲ್ಲಿ. ಈ ಕಾಯಿಲೆಯವರು ಉನ್ಮಾದಕ್ಕಿಂತ ಖಿನ್ನತೆಯಲ್ಲೇ ಹೆಚ್ಚು ಕಾಲ ಕಳೆಯುತ್ತಾರೆ. ಅಮೆರಿಕದಲ್ಲಿ ಬೈಪೋಲಾರ್ ಒಂದು ಇರುವವರನ್ನು ಸರಾಸರಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ವಾರವಾರ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಖಿನ್ನತೆಯ ವಾರಗಳು ಮೇನಿಯಾದ ವಾರಗಳಿಗಿಂತ ಮೂರು ಪಟ್ಟು ಹೆಚ್ಚಿದ್ದವು. ವೈದ್ಯರ ಹತ್ತಿರ ಹೋಗುವುದೂ ಖಿನ್ನತೆ ಬಂದಾಗಲೇ. ಹಿಂದೆಂದೋ ಹತ್ತು ದಿನ ಹಾರಾಡಿದ್ದು ರೋಗಿಗೆ ಕಾಯಿಲೆಯಾಗಿ ನೆನಪಿಲ್ಲ, ಮನೆಯವರು ಹೇಳುವುದಿಲ್ಲ, ವೈದ್ಯರೂ ಅವಸರದಲ್ಲಿದ್ದರೆ ಕೇಳುವುದಿಲ್ಲ. ಬರೀ ಖಿನ್ನತೆ ಎಂದು ಬರೆದುಕೊಳ್ಳುತ್ತಾರೆ. ಬೈಪೋಲಾರ್ ಇರುವ ಕೆಲವರಲ್ಲಿ, ಮನಸ್ಥಿತಿಯನ್ನು ಸಮದಲ್ಲಿಡುವ ಔಷಧವಿಲ್ಲದೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟಾಗ ಮೇನಿಯಾಕ್ಕೆ ಜಿಗಿಯುವುದುಂಟು. ತಮ್ಮನಿಗೂ ಮಾತ್ರೆ ಶುರುವಾಗಿ ಕೆಲವು ವಾರಗಳಾಗಿದ್ದವು. ಮೂರು ವರ್ಷದ ಹಿಂದೆ ಕಾಲೇಜಿನಲ್ಲಿ ಅವನು ವಾರವಿಡೀ ಮಲಗದೆ ನಾಟಕ ಬರೆದದ್ದನ್ನು ನಾವ್ಯಾರೂ ವೈದ್ಯರಿಗೆ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಅಂತ ಗೊತ್ತಿರಲಿಲ್ಲ. ಇದನ್ನು ಓದಿ ಯಾರೂ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬದಲಾವಣೆ ಕಂಡ ದಿನವೇ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ.

ಎರಡೂ ಒಟ್ಟಿಗೆ ಬರುವುದೂ ಇದೆ. ಮನಸ್ಸು ಕತ್ತಲೆಯಲ್ಲಿ, ಮೈಯಲ್ಲಿ ಮಾತ್ರ ಮೇನಿಯಾದ ಕಸುವು. ನಿದ್ದೆಯಿಲ್ಲ, ತಲೆ ಓಡುತ್ತಲೇ ಇದೆ, ಓಡುವುದೆಲ್ಲ ಸಾವಿನ ಯೋಚನೆ. ಈ ಮಿಶ್ರ ಸ್ಥಿತಿ ಬಹಳ ಅಪಾಯದ್ದು. ಬರೀ ಖಿನ್ನತೆಯಲ್ಲಿ ಎಷ್ಟೋ ಸಲ ಏನನ್ನೂ ಮಾಡಲು ತ್ರಾಣವೇ ಇರುವುದಿಲ್ಲ, ಇಲ್ಲಿ ತ್ರಾಣ ಇದೆ.

ದೇಹದ ಬೇರೆ ಕಾರಣಗಳನ್ನೂ ಮೊದಲು ನೋಡಬೇಕು. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯ ಹಾಗೆ, ಹೆಚ್ಚಾದರೆ ಮೇನಿಯಾದ ಹಾಗೆ ಕಾಣಬಹುದು. ಬಿ12 ಕೊರತೆ, ರಕ್ತಹೀನತೆ ಮನುಷ್ಯರನ್ನು ಕುಗ್ಗಿಸುತ್ತವೆ. ಬೇರೆ ರೋಗಕ್ಕೆಂದು ಕೊಟ್ಟ ಸ್ಟೀರಾಯ್ಡ್ ಮಾತ್ರೆಗಳು, ಕೆಲವು ಮಾದಕ ವಸ್ತುಗಳು ಉನ್ಮಾದ ತರಬಲ್ಲವು. ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರೆ 'ಮನಸ್ಸಿನ ಕಾಯಿಲೆಗೆ ರಕ್ತ ಯಾಕೆ' ಅನ್ನಬೇಡಿ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ತಾಯಿ ನಿದ್ದೆಯೇ ಬೇಡವೆಂದು ಓಡಾಡುತ್ತಿದ್ದರೆ, ಅಸಂಬದ್ಧ ಮಾತಾಡುತ್ತಿದ್ದರೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳನ್ನು ಹೇಳುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ಬೆಳಗಾಗಲಿ ಎಂದು ಕಾಯುವಂಥದ್ದಲ್ಲ.

ಏನು ಮಾಡುವುದು

ಬರೆದಿಡಿ. ಚಿಕ್ಕ ಪುಸ್ತಕ ಸಾಕು: ದಿನಾಂಕ, ಎಷ್ಟು ಗಂಟೆ ನಿದ್ದೆ, ಎದ್ದಾಗ ಸುಸ್ತೋ ಚುರುಕೋ, ಮಾತು ಹೇಗಿತ್ತು, ಅನಿರೀಕ್ಷಿತ ಖರ್ಚು ಏನಾದರೂ ಆಯಿತೇ. 'ಈಚೆಗೆ ಯಾಕೋ ಒಂಥರಾ ಆಡ್ತಾನೆ ಡಾಕ್ಟ್ರೇ' ಎನ್ನುವುದಕ್ಕೂ 'ಐದು ರಾತ್ರಿಯಿಂದ ಮೂರು ಗಂಟೆ ಮಲಗಿದ್ದಾನೆ, ಸುಸ್ತಿಲ್ಲ' ಎನ್ನುವುದಕ್ಕೂ ಅಜಗಜಾಂತರ. ಖಿನ್ನತೆ ಎಂದು ಹೋದಾಗಲೂ, ಕೇಳದಿದ್ದರೂ, ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಹಾರಾಡಿದ ದಿನಗಳಿದ್ದವೇ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ನೀವೇ ಹೇಳಿ.

ಮೇನಿಯಾದಲ್ಲಿರುವವರ ಜತೆ ವಾದಕ್ಕೆ ಇಳಿದು ಗೆದ್ದವರಿಲ್ಲ. ದನಿ ತಗ್ಗಿಸಿ, ಮಾತು ಚಿಕ್ಕದಾಗಿರಲಿ. 'ನಿನಗೆ ತಲೆ ಕೆಟ್ಟಿದೆ' ಅನ್ನುವ ಬದಲು 'ನಿನ್ನ ನಿದ್ದೆ ಕೆಟ್ಟಿದೆ, ಅದನ್ನಾದರೂ ತೋರಿಸೋಣ' ಅನ್ನಿ. ನನ್ನ ತಮ್ಮ ಒಪ್ಪಿ ಹೊರಟಿದ್ದು ಈ ಮಾತಿಗೆ. ಖಿನ್ನತೆಯಲ್ಲಿರುವವರಿಗೆ 'ಧೈರ್ಯ ತಂದ್ಕೋ', 'ನಿನಗೇನು ಕಡಿಮೆಯಾಗಿದೆ' ಎನ್ನುವುದು ಗಾಯದ ಮೇಲೆ ಉಪ್ಪು. ಕಡಿಮೆ ಏನಿಲ್ಲ ಎಂದು ಅವರಿಗೂ ಗೊತ್ತು, ಆದರೂ ಹೀಗಿದ್ದೇನಲ್ಲ ಎಂಬುದೇ ಅವರ ಅಪರಾಧಿ ಭಾವ. ಪಕ್ಕದಲ್ಲಿ ಕೂತುಕೊಳ್ಳಿ, ವೈದ್ಯರ ಸಮಯ ನೀವೇ ಗೊತ್ತುಮಾಡಿ, ಜತೆಗೆ ಹೋಗಿ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ಬೇಡ. ಹಾಗಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ, ಎಷ್ಟೋ ಜನರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳೂ ಸೇರಿ ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಇಡಿ, ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ ಅಥವಾ ನೀವಿರುವಲ್ಲಿಯ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ. ತೀರಾ ಕುಗ್ಗಿದ್ದವರು ದಿಢೀರನೆ ಶಾಂತರಾಗಿ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ ಅದನ್ನು ಚೇತರಿಕೆ ಅಂದುಕೊಳ್ಳಬೇಡಿ. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲೂ ಕಣ್ಣಿಟ್ಟಿರಿ. ಮನಸ್ಸು ತಿಳಿಯಾಗುವ ಮುಂಚೆಯೇ ಮೈಗೆ ತ್ರಾಣ ಬರುವುದುಂಟು.

ಸರಿಯಾದ ಹೆಸರು ಸಿಕ್ಕ ಮೇಲೆ ಚಿಕಿತ್ಸೆ ಇದೆ. ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಬರೆದದ್ದು 1949ರಲ್ಲಿ. ಅದು ಇವತ್ತಿಗೂ ಮುಂಚೂಣಿಯ ಔಷಧ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಿರಿದು, ಆದ್ದರಿಂದ ಆಗಾಗ ರಕ್ತದಲ್ಲಿ ಅಳೆಯುತ್ತಿರಬೇಕು. ಬೇರೆ ಔಷಧಗಳೂ, ಮಾತಿನ ಚಿಕಿತ್ಸೆಯೂ, ನಿದ್ದೆ ಏಳುವಿಕೆಯ ಹೊತ್ತನ್ನು ಕಟ್ಟುನಿಟ್ಟಾಗಿ ಕಾಯುವ ಕ್ರಮವೂ ಇವೆ. ಎಷ್ಟೋ ಜನರಲ್ಲಿ ಕಾಯಿಲೆ ಮರಳುವಾಗ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತದೆ. ಅದಕ್ಕೆ ವೈದ್ಯರು, ಚೆನ್ನಾಗಿರುವಾಗಲೇ ಕೂತು, ತನ್ನ ಮುನ್ಸೂಚನೆಗಳ ಪಟ್ಟಿ ಬರೆಯುವಂತೆ ತಮ್ಮನಿಗೆ ಹೇಳಿದರು. ಒಂದು ಪ್ರತಿ ಅವನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಯಾವ ಗುರುತು ಕಂಡರೆ ಯಾರು ಏನು ಮಾಡಬೇಕು, ಬ್ಯಾಂಕ್ ಕಾರ್ಡ್ ಯಾರ ಕೈಗೆ ಕೊಡಬೇಕು ಎನ್ನುವುದೂ ಅವನದೇ ಅಕ್ಷರದಲ್ಲಿದೆ.

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಆರಕ್ಕೆ ಅವನ ಫೋನ್ ಬಂತು. 'ಅಕ್ಕಾ, ಎರಡು ರಾತ್ರಿಯಿಂದ ನಾಲ್ಕೇ ಗಂಟೆ ನಿದ್ದೆ. ತುಂಬಾ ಚೆನ್ನಾಗಿದೀನಿ ಅನ್ನಿಸ್ತಿದೆ. ಪಟ್ಟಿ ತೆಗೆದು ನೋಡಿದೆ, ಮೊದಲನೇ ಸಾಲೇ ಅದು. ಡಾಕ್ಟ್ರಿಗೆ ಹೇಳಿದೀನಿ, ಹತ್ತು ಗಂಟೆಗೆ ಬಾ ಅಂದಿದಾರೆ. ಕಾರ್ಡ್ ತಗೊಂಡು ಹೋಗೋಕೆ ನೀನು ಬರ್ತೀಯಾ?'